ಅಚ್ಚಿನಲ್ಲಿ ಒತ್ತಿದ ಕಲ್ಲು

— ಕಲ್ಲನ್ನು ಕಡೆದು ಮಾಡಿದ್ದು ಶಿಲ್ಪ. ಮಣ್ಣನ್ನು ಅಚ್ಚಿಗೆ ಒತ್ತಿ, ಸುಟ್ಟು, ಕಲ್ಲಿನಂತೆ ಕಾಣಿಸಿದ್ದು ಸರಕು. ಇಂಗ್ಲೆಂಡಿನ ಹಳೆಯ ತೋಟಗಳಲ್ಲಿ ನಿಂತಿರುವ ಆ ಕೃತಕ ಶಿಲೆಯ ನದೀದೇವರು, ಸಿಂಹನಾರಿ, ಹೂದಾನಿಗಳು ಎಷ್ಟೇ ಚೆನ್ನಾಗಿರಲಿ, ಒಂದೇ ಅಚ್ಚಿನಿಂದ ಹಲವಾಗಿ ತೆಗೆದು ಮಾರಿದಂಥವು. ಅವಕ್ಕೆ ಇಷ್ಟೊಂದು ಮರ್ಯಾದೆ ಯಾಕೆ ಅಂತ ನನಗೆ ಅರ್ಥವಾಗಿಲ್ಲ.

— ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಸೇತುವೆಯ ತುದಿಯಲ್ಲಿ, ಕೌಂಟಿ ಹಾಲ್ ಪಕ್ಕದಲ್ಲಿ ಒಂದು ಸಿಂಹ ನಿಂತಿದೆ. ಸುಮಾರು ಹದಿಮೂರು ಟನ್ ತೂಕದ್ದು. 1837ರಲ್ಲಿ ಲ್ಯಾಂಬೆತ್‌ನ ಲಯನ್ ಬ್ರೂವರಿ ಅನ್ನುವ ಬಿಯರ್ ಕಾರ್ಖಾನೆಗೆಂದು ಮಾಡಿದ್ದು. ಆ ಕಾರ್ಖಾನೆಯ ನೆತ್ತಿಯ ಮೇಲೆ ಸಿಂಹ ನೂರು ವರ್ಷಕ್ಕೂ ಮೀರಿ ಕಲ್ಲಿದ್ದಲ ಹೊಗೆ, ಥೇಮ್ಸ್ ನದಿಯ ಮಂಜು, ಹಿಮ, ಮಳೆ ಎಲ್ಲಕ್ಕೂ ಮೈಯೊಡ್ಡಿ ನಿಂತಿತ್ತು. 1949ರಲ್ಲಿ ಕಾರ್ಖಾನೆ ಕೆಡವಿದಾಗ ದೊರೆ ಆರನೆಯ ಜಾರ್ಜ್ ಆಸ್ಥೆ ವಹಿಸಿದ್ದರಿಂದ ಅದು ಉಳಿಯಿತು. ಕೆಲವು ವರ್ಷ ವಾಟರ್‌ಲೂ ರೈಲು ನಿಲ್ದಾಣದ ಬಳಿ ಕೆಂಪು ಬಣ್ಣ ಬಳಿಸಿಕೊಂಡು ನಿಂತು, 1966ರಲ್ಲಿ ಸೇತುವೆಗೆ ಬಂತು. ಆ ಬಣ್ಣ ತೆಗೆದಾಗ ಕಂಡ ಮೈ ನೋಡಬೇಕು ನೀವು. ಕೇಸರದ ಸುರುಳಿ ಸುರುಳಿಯೂ ಬಿಡಿಬಿಡಿಯಾಗಿದೆ. ಮೂತಿಯ ಮಡಿಕೆ ಸವೆದಿಲ್ಲ. ಪಂಜದ ಕೆಳಗೆ ಶಿಲ್ಪಿ ವಿಲಿಯಂ ಫ್ರೆಡರಿಕ್ ವುಡಿಂಗ್ಟನ್‌ನ ಹೆಸರಿನ ಮೊದಲಕ್ಷರಗಳೂ 1837ರ ಮೇ 24 ಎಂಬ ತಾರೀಖೂ ಸಿಕ್ಕವು. ಅದೇ ಊರಿನಲ್ಲಿ ಅದೇ ಹೊಗೆ ಕುಡಿದ ಸುಣ್ಣದ ಕಲ್ಲಿನ ಎಷ್ಟೋ ವಿಗ್ರಹಗಳಿಗೆ ಮೂಗು ಯಾವುದು, ತುಟಿ ಯಾವುದು ಎಂದು ತಿಳಿಯುವುದಿಲ್ಲ.

— ಬಾಳಿಕೆ ಬಂತು ಅಂದಮಾತ್ರಕ್ಕೆ ಕಲೆಯಾಗುತ್ತದೆಯೆ?

— ಆಗುವುದಿಲ್ಲ, ಒಪ್ಪಿದೆ. ಆದರೆ ಬಾಳಿಕೆ ತಾನಾಗಿ ಬರುವುದೂ ಇಲ್ಲ. ಲಂಡನ್ನಿನ ಕಟ್ಟಡಗಳ ಕಲ್ಲು ಬಹುಪಾಲು ಸುಣ್ಣದ ಅಂಶದ್ದು. ಕಲ್ಲಿದ್ದಲ ಹೊಗೆಯಲ್ಲಿರುವ ಗಂಧಕ ಮಳೆನೀರಿಗೆ ಸೇರಿ ಆಮ್ಲವಾಗಿ ಆ ಸುಣ್ಣವನ್ನು ತಿನ್ನುತ್ತದೆ. ಈ ಸಿಂಹದಲ್ಲಿ ಆಮ್ಲಕ್ಕೆ ತಿನ್ನಲು ಅಂಥ ಸುಣ್ಣವಿಲ್ಲ. ಇದು ಸುಟ್ಟ ಮಣ್ಣು. ಒಳಗೊಳಗೇ ಗಾಜಿನಂತೆ ಕರಗಿ ಬೆಸೆದುಕೊಂಡ ಮಣ್ಣು. ಹೆಸರು ಕೋಡ್ ಸ್ಟೋನ್. ಎಲಿನರ್ ಕೋಡ್ ಎಂಬಾಕೆಯ ಕಾರ್ಖಾನೆಯದು. ಸಿಂಹ ಮಾಡುವ ಹೊತ್ತಿಗೆ ಆಕೆ ತೀರಿಕೊಂಡು ಹದಿನಾರು ವರ್ಷವಾಗಿತ್ತು, ಆ ಕಾರ್ಖಾನೆಯ ಕೊನೆಗಾಲದ ಕೆಲಸ ಅದು. ಆದರೂ ಹದ ತಪ್ಪಿರಲಿಲ್ಲ.

— ಕೋಡ್ ಅಂದರೆ, ಆ ಸೂತ್ರವನ್ನು ಯಾರಿಗೂ ಹೇಳದೆ ತನ್ನೊಂದಿಗೇ ಒಯ್ದಳು ಅನ್ನುತ್ತಾರಲ್ಲ, ಆಕೆಯೆ?

— ಆಕೆಯೇ. ಆ ಕಥೆ ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಮೊದಲು ಆಕೆ ಯಾರು ಎಂದು ಹೇಳುತ್ತೇನೆ, ಕಥೆಗೆ ಆಮೇಲೆ ಬರೋಣ. ಹುಟ್ಟಿದ್ದು 1733ರಲ್ಲಿ, ಎಕ್ಸೆಟರ್ ಪಟ್ಟಣದಲ್ಲಿ. ಬ್ಯಾಪ್ಟಿಸ್ಟ್ ಮನೆತನ. ತಂದೆ ಉಣ್ಣೆ ವ್ಯಾಪಾರಿ, ಕೊನೆಗೆ ದಿವಾಳಿಯಾದವನು. ಮಗಳು 1760ರ ದಶಕದಲ್ಲೇ ಲಂಡನ್ನಿನಲ್ಲಿ ನಾರುಬಟ್ಟೆ ವ್ಯಾಪಾರ ಮಾಡುತ್ತಿದ್ದಳು. 1769ರಲ್ಲಿ ಲ್ಯಾಂಬೆತ್‌ನ ಕಿಂಗ್ಸ್ ಆರ್ಮ್ಸ್ ಸ್ಟೇರ್ಸ್ ಎಂಬಲ್ಲಿ, ಥೇಮ್ಸ್ ದಂಡೆಯಲ್ಲಿ, ಡೇನಿಯಲ್ ಪಿಂಕಾಟ್ ಎಂಬವನು ನಡೆಸಲಾರದೆ ನಡೆಸುತ್ತಿದ್ದ ಕೃತಕ ಶಿಲೆಯ ಕಾರ್ಖಾನೆಯನ್ನು ಕೊಂಡಳು. ಪಿಂಕಾಟ್ ಮೇಲ್ವಿಚಾರಕನಾಗಿ ಮುಂದುವರಿದ. ಆದರೆ ಗಿರಾಕಿಗಳ ಮುಂದೆ ತಾನೇ ಮಾಲೀಕ ಅನ್ನುವ ಹಾಗೆ ನಡೆದುಕೊಂಡ. 1771ರಲ್ಲಿ ಅವನನ್ನು ಕೆಲಸದಿಂದ ತೆಗೆದಳು. ಅವನ ಜಾಗಕ್ಕೆ ಬಂದವನು ಶಿಲ್ಪಿ ಜಾನ್ ಬೇಕನ್. ಮುಂದೆ ಅಮೃತಶಿಲೆಯಲ್ಲಿ ದೊಡ್ಡ ಹೆಸರು ಮಾಡಿದವನು, 1799ರಲ್ಲಿ ಸಾಯುವವರೆಗೂ ಈಕೆಗೆ ಮಾದರಿ ಮಾಡಿಕೊಟ್ಟ.

— ನನ್ನ ಮಾತಿಗೇ ಬಂದಿರಿ. ಬೇಕನ್ ಕೈಯಿಂದ ಬಂದ ಮಣ್ಣಿನ ಮಾದರಿ ಕಲೆ. ಅದರ ಮೇಲೆ ಅಚ್ಚು ತೆಗೆದು ಹೊಡೆದ ಪ್ರತಿಗಳು ವ್ಯಾಪಾರ.

— ಹೊಡೆದ ಪ್ರತಿಗಳು ಅಂದಿರಿ. ಹೇಗೆ ಮಾಡುತ್ತಿದ್ದರು ಅಂತ ಒಮ್ಮೆ ಕೇಳಿಸಿಕೊಳ್ಳಿ. ಹ್ಯಾಮ್ ಹೌಸ್ ಎಂಬ ಹಳೆಯ ಬಂಗಲೆಯ ಅಂಗಳದಲ್ಲಿ ಬೇಕನ್ ಮಾದರಿಯ ಒಬ್ಬ ನದೀದೇವ ಒರಗಿ ಕೂತಿದ್ದಾನೆ, ಗಡ್ಡದಿಂದ ನೀರು ಇಳಿಯುವಂತೆ ಕಾಣುತ್ತದೆ. 1784ರ ಕೋಡ್ ಕ್ಯಾಟಲಾಗಿನಲ್ಲಿ ಅವನ ಬೆಲೆ ನೂರು ಗಿನಿ. ಅಂಥ ಮೂರ್ತಿಯನ್ನು ಎರಕ ಹೊಯ್ಯುವುದಿಲ್ಲ. ಮಾದರಿಯ ಮೇಲೆ ಪ್ಲಾಸ್ಟರಿನ ಅಚ್ಚನ್ನು ತುಂಡುತುಂಡಾಗಿ ತೆಗೆಯುತ್ತಾರೆ: ಎದೆಗೊಂದು, ತೋಳಿಗೊಂದು, ಗಡ್ಡಕ್ಕೇ ಹಲವು. ಹದಮಾಡಿದ ಮಣ್ಣನ್ನು ಹಾಳೆಯ ಹಾಗೆ ತಟ್ಟಿ, ಹೆಬ್ಬೆರಳಿನಿಂದ ಆ ಅಚ್ಚಿನ ಮೂಲೆಮೂಲೆಗೆ ಒತ್ತಬೇಕು. ಒಳಗೆ ಗಾಳಿ ಉಳಿಯಕೂಡದು. ದಪ್ಪ ಎಲ್ಲ ಕಡೆ ಒಂದೇ ಸಮ ಇರಬೇಕು, ಒಂದೆಡೆ ತೆಳುವಾಗಿ ಒಂದೆಡೆ ದಪ್ಪವಾದರೆ ಬೆಂಕಿಯಲ್ಲಿ ಎರಡೂ ಬೇರೆ ಬೇರೆ ವೇಗದಲ್ಲಿ ಕುಗ್ಗಿ ಬಿರುಕು ಬಿಡುತ್ತವೆ. ಪ್ಲಾಸ್ಟರು ನೀರು ಹೀರಿ ಮಣ್ಣು ಸ್ವಲ್ಪ ಗಟ್ಟಿಯಾದ ಮೇಲೆ ಬಿಡಿಸಿ, ಮೂರ್ತಿಯ ಟೊಳ್ಳಿನೊಳಗೆ ಕೈಹಾಕಿ ಒಳಗಿನಿಂದಲೇ ಮಣ್ಣಿನ ರಾಡಿ ಬಳಿದು ಬೆಸೆಯಬೇಕು. ಅಚ್ಚಿನಿಂದ ಬಂದ ಮುಖ ಮಂಕಾಗಿರುತ್ತದೆ. ಕಣ್ಣಿನ ಅಂಚು, ಮೂಗಿನ ಹೊಳ್ಳೆ, ಕೂದಲಿನ ಸಂದು ಇವನ್ನೆಲ್ಲ ಹಸಿ ಇರುವಾಗಲೇ ಸಲಾಕೆಯಿಂದ ಮತ್ತೆ ತೀಡುತ್ತಾರೆ. ಅಂದರೆ ಒಂದೊಂದು ಪ್ರತಿಯೂ ಒಬ್ಬನ ಕೈಯಲ್ಲಿ ಮುಗಿದದ್ದು. ಒಂದೇ ಅಚ್ಚಿನ ಎರಡು ಮುಖಗಳನ್ನು ಅಕ್ಕಪಕ್ಕ ಇಟ್ಟರೆ ಕಣ್ಣಿನ ಸುತ್ತ ವ್ಯತ್ಯಾಸ ಸಿಗುತ್ತದೆ.

— ಆ ಕೈ ಯಾರದು?

— ಹೆಚ್ಚಿನವರದು ತಿಳಿಯದು. ಬೇಕನ್, ಡಿ ವೇರ್, ಪ್ಯಾಂಝೆಟ್ಟಾ ಇಂಥ ಕೆಲವು ಮಾದರಿಗಾರರ ಹೆಸರು ಉಳಿದಿದೆ. ಅಚ್ಚು ಒತ್ತಿದವರ, ಆವಿಗೆಗೆ ಕಟ್ಟಿಗೆ-ಕಲ್ಲಿದ್ದಲು ಹಾಕಿದವರ ಹೆಸರು ಕಳೆದುಹೋಗಿದೆ. ಅಲ್ಲಿ ನಿಮ್ಮ ಆಕ್ಷೇಪಣೆಗೆ ನನ್ನ ಬಳಿ ಉತ್ತರವಿಲ್ಲ. ಆದರೆ ಕಡೆದ ಶಿಲ್ಪದಲ್ಲೂ ಹಾಗೇ ಅಲ್ಲವೆ? ಆ ಕಾಲದ ಯೂರೋಪಿನ ದೊಡ್ಡ ಶಿಲ್ಪಿಗಳು ಮಣ್ಣಿನಲ್ಲಿ ಮಾದರಿ ಮಾಡಿಕೊಡುತ್ತಿದ್ದರು, ಅಮೃತಶಿಲೆಗೆ ಅಳತೆ ಇಳಿಸಿ ಕಡೆಯುತ್ತಿದ್ದವರು ಬಹುಪಾಲು ಕೂಲಿಯ ಕೆಲಸಗಾರರು.

— ಅದು ನಿಜ. ಬೆಂಕಿಯ ವಿಷಯ ಹೇಳಿ.

— ನಾಲ್ಕು ಹಗಲು ನಾಲ್ಕು ರಾತ್ರಿ ಸುಡಬೇಕು. 1100ರಿಂದ 1150 ಡಿಗ್ರಿ ಸೆಲ್ಸಿಯಸ್. ಈ ಅಂಕಿ ಇವತ್ತಿನ ವಿಶ್ಲೇಷಣೆಯದು. ಆ ಕಾಲದಲ್ಲಿ ಆವಿಗೆಯವನು ಉರಿಯ ಬಣ್ಣ ನೋಡಿಯೇ ಕಾವು ಅಂದಾಜು ಮಾಡಬೇಕಿತ್ತು. ಮಣ್ಣಿನ ಮಿಶ್ರಣ ಹೀಗೆ: ಡಾರ್ಸೆಟ್, ಡೆವನ್ ಕಡೆಯ ಬಿಳಿ ಜೇಡಿ ನೂರಕ್ಕೆ ಅರವತ್ತರಿಂದ ಎಪ್ಪತ್ತು ಪಾಲು, ಮೊದಲೇ ಸುಟ್ಟು ಕುಟ್ಟಿದ ಮಣ್ಣಿನ ಪುಡಿ ಹತ್ತು, ಚಕಮಕಿ ಕಲ್ಲಿನ ಪುಡಿ ಐದರಿಂದ ಹತ್ತು, ನಯವಾದ ಬೆಣಚುಮರಳು ಅಷ್ಟೇ, ಪುಡಿಮಾಡಿದ ಗಾಜು ಹತ್ತು. ಸುಟ್ಟ ಮಣ್ಣೂ ಕಲ್ಲಿನ ಪುಡಿಯೂ ಬೆಂಕಿಯಲ್ಲಿ ಮತ್ತೆ ಕುಗ್ಗುವುದಿಲ್ಲ. ಆದ್ದರಿಂದ ಇಡೀ ಮೂರ್ತಿ ಒಟ್ಟು ನೂರಕ್ಕೆ ಎಂಟರಷ್ಟು ಮಾತ್ರ ಕುಗ್ಗುತ್ತದೆ, ಸೊಟ್ಟಗಾಗುವುದಿಲ್ಲ. ಗಾಜು ಕರಗಿ ಕಣಕಣದ ನಡುವೆ ಹರಿದು ಬೆಸುಗೆಯಾಗುತ್ತದೆ. ಬರಿಯ ಜೇಡಿಯಲ್ಲಿ ಅಷ್ಟೆತ್ತರದ ನದೀದೇವನನ್ನು ಮಾಡಹೊರಟರೆ ಮೊಣಕೈ ಎತ್ತಲೋ, ಕತ್ತು ಎತ್ತಲೋ.

— ನೀವೇ ಇಷ್ಟು ಬಿಡಿಸಿ ಹೇಳುತ್ತಿರುವಾಗ ಸೂತ್ರ ಕಳೆದುಹೋಯಿತು ಅನ್ನುವುದು ಹೇಗೆ?

— ಅದನ್ನೇ ನಾನು ಹೇಳಬೇಕೆಂದಿದ್ದು. ಕಳೆದುಹೋಗಿಲ್ಲ. ಬ್ರಿಟಿಷ್ ಮ್ಯೂಸಿಯಂ ಪ್ರಯೋಗಾಲಯದಲ್ಲಿ ಅದರ ಚೂರುಗಳನ್ನು ಪರೀಕ್ಷಿಸಿ ಎಲ್ಲವನ್ನೂ ಬಿಡಿಸಿದ್ದಾರೆ. ಇಂದು ಅದೇ ಮಿಶ್ರಣದಲ್ಲಿ ಮೂರ್ತಿ ಮಾಡುವವರೂ ಇದ್ದಾರೆ. ಈ ಮಿಶ್ರಣದಲ್ಲಿ ಮಂತ್ರವೇನೂ ಇಲ್ಲ, ಕುಂಬಾರಿಕೆ ಬಲ್ಲ ಯಾರಿಗೂ ಅರ್ಥವಾಗುವಂಥದ್ದು. ಆಕೆಗೂ ಮೊದಲು, 1722ರಲ್ಲೇ, ರಿಚರ್ಡ್ ಹೋಲ್ಟ್ ಎಂಬವನು ಲ್ಯಾಂಬೆತ್‌ನಲ್ಲೇ ಕೃತಕ ಶಿಲೆಗೆ ಪೇಟೆಂಟ್ ಪಡೆದಿದ್ದ. ಪಿಂಕಾಟ್ ಕೃತಕ ಶಿಲೆಯ ಬಗ್ಗೆ 1770ರಲ್ಲಿ ಪುಸ್ತಕವನ್ನೇ ಬರೆದ. ಅವರಿಗೆಲ್ಲ ಕೈಗೂಡದ್ದು ಈಕೆಗೆ ಐವತ್ತು ವರ್ಷ ಕೈಗೂಡಿತು. ಯಾಕೆ? ಮಣ್ಣನ್ನು ಒಂದೇ ನಯಕ್ಕೆ ಜರಡಿ ಹಿಡಿಯುವುದು, ದಪ್ಪ ಅಳೆಯುವುದು, ಆರುವವರೆಗೆ ಅವಸರ ಮಾಡದಿರುವುದು, ನಾಲ್ಕನೇ ರಾತ್ರಿಯೂ ಉರಿಯ ಬಣ್ಣ ಕಾಯುವುದು. ಒಳ್ಳೆಯ ಮಾದರಿಗಾರನಿಗೆ ಒಳ್ಳೆಯ ಸಂಬಳ ಕೊಡುವುದು. ಈ ಶಿಸ್ತನ್ನೆಲ್ಲ ಒಂದು ಬಚ್ಚಿಟ್ಟ ಚೀಟಿಗೆ ಇಳಿಸಿಬಿಡುತ್ತದೆ ಆ ಕಥೆ. ಗಂಡಸೊಬ್ಬ ಅರ್ಧ ಶತಮಾನ ಇಂಥ ಕಾರ್ಖಾನೆ ನಡೆಸಿದ್ದರೆ ಅವನ ಆಡಳಿತ ಹೊಗಳುತ್ತಿದ್ದರು. ಹೆಂಗಸಾದ್ದರಿಂದ ಗುಟ್ಟು ಹುಡುಕಿದರು. ಆ ಗುಟ್ಟಿನ ಮಾತೂ ಸಾಲದೆ, ಎಷ್ಟೋ ಕಾಲ ಕಾರ್ಖಾನೆ ನಡೆಸಿದ್ದು ಆಕೆಯಲ್ಲ, ಅದೇ ಹೆಸರಿನ ಅವಳ ತಾಯಿ ಅಂತಲೂ ಬರೆದರು. ಮದುವೆಯಾಗದ ಈಕೆಯನ್ನು ಅಂದಿನ ವ್ಯಾಪಾರದ ರೂಢಿಯಂತೆ ಮಿಸೆಸ್ ಅನ್ನುತ್ತಿದ್ದರು, ಅದರಿಂದ ಹುಟ್ಟಿದ ಗೊಂದಲ. ಅದನ್ನು ಬಿಡಿಸಿದವರಲ್ಲಿ ಮುಖ್ಯರು ಆಲಿಸನ್ ಕೆಲ್ಲಿ, 1990ರಲ್ಲಿ ಅವರ ಪುಸ್ತಕ ಬಂತು.

— ಮದುವೆಯಾಗದೆ ಉಳಿದದ್ದು ವ್ಯಾಪಾರಕ್ಕಾಗಿಯೇ ಇರಬಹುದೆ?

— ಆಕೆಯ ಮನಸ್ಸನ್ನು ನಾನು ಹೇಳಲಾರೆ. ಕಾನೂನು ಹೇಳಬಲ್ಲೆ. ಆ ಕಾಲದ ಇಂಗ್ಲೆಂಡಿನಲ್ಲಿ ಮದುವೆಯಾದ ಹೆಣ್ಣಿನ ಆಸ್ತಿ ಗಂಡನ ಕೈಸೇರುತ್ತಿತ್ತು. ಮದುವೆಯಾಗಿದ್ದರೆ ಮೂರ್ತಿಗಳ ಮೇಲೆ ಕೋಡ್ ಎಂಬ ಮುದ್ರೆ ಇರುತ್ತಿರಲಿಲ್ಲ. ಆಕೆಗೆ ಈ ವಿಷಯ ಚೆನ್ನಾಗಿ ತಿಳಿದಿತ್ತು ಅನ್ನಲು ಉಯಿಲೇ ಸಾಕು: ಮದುವೆಯಾದ ಕೆಲವು ಹೆಂಗಸರಿಗೆ ಹಣ ಬಿಟ್ಟಾಗ, ಅದು ಅವರ ಗಂಡಂದಿರ ಹಿಡಿತಕ್ಕೆ ಹೋಗಕೂಡದು ಎಂದು ಷರತ್ತು ಹಾಕಿದಳು. 1821ರಲ್ಲಿ ಕ್ಯಾಂಬರ್‌ವೆಲ್‌ನಲ್ಲಿ ತೀರಿಕೊಂಡಾಗ ವಯಸ್ಸು ಎಂಬತ್ತೆಂಟು.

— ತೋಟಗಳ ಮಾತಿಗೆ ಬನ್ನಿ. ಶ್ರೀಮಂತರು ಇದನ್ನು ಕೊಂಡದ್ದು ಕಲ್ಲಿಗಿಂತ ಅಗ್ಗ ಅಂತ ತಾನೆ?

— ಕಡೆಸುವುದಕ್ಕಿಂತ ಅಗ್ಗ, ಹೌದು. ಆದರೆ ಆಗ್ಗೆ ಕೃತಕ ಅನ್ನುವುದು ನಾಚಿಕೆಯ ಮಾತಾಗಿರಲಿಲ್ಲ. ಮೂರನೇ ಜಾರ್ಜ್ ದೊರೆಯೇ ಆಕೆಯ ಗಿರಾಕಿ. ವುಸ್ಟರ್‌ಶೈರ್‌ನ ಕ್ರೂಮ್ ತೋಟವನ್ನು ನೋಡಿ. ಅದು ಲ್ಯಾನ್ಸ್‌ಲಾಟ್ ಬ್ರೌನ್ ವಿನ್ಯಾಸ ಮಾಡಿದ್ದು. ಬೆಟ್ಟ ಕೆರೆ ಮರಗಳನ್ನೇ ಜರುಗಿಸಿ ತೋಟ ಮಾಡಿದ ಬ್ರೌನ್. ಅಲ್ಲಿ ಕೋಡ್ ಶಿಲೆಯ ಸಿಂಹನಾರಿಯರಿದ್ದಾರೆ, ಉದ್ದ ನಿಲುವಂಗಿ ತೊಟ್ಟ ಒಬ್ಬ ಡ್ರೂಯಿಡ್ ಪುರೋಹಿತನಿದ್ದಾನೆ. ಬ್ರೌನ್ ಸತ್ತ ಮೇಲೆ, 1797ರಲ್ಲಿ, ಅವನ ನೆನಪಿಗೆ ಕೆರೆಯ ಬಳಿ ಇಟ್ಟ ಸ್ಮಾರಕವೂ ಕೋಡ್ ಶಿಲೆಯದೇ. ಇಡೀ ತೋಟವೇ ಮನುಷ್ಯನ ಕೈಯ ಕೆರೆ, ಮನುಷ್ಯನ ಕೈಯ ದಿಬ್ಬ. ಅಲ್ಲಿ ಮನುಷ್ಯನ ಕೈಯ ಕಲ್ಲು ಹೊರಗಿನದಾಗಿ ಕಾಣುವುದಿಲ್ಲ. ಇದನ್ನು ನಾನು ಸಮರ್ಥನೆಗೆಂದು ಹೇಳುತ್ತಿಲ್ಲ. ತೋಟದ ಮೂರ್ತಿಯನ್ನು ಗರ್ಭಗುಡಿಯ ಮೂರ್ತಿಯ ಅಳತೆಗೋಲಿನಿಂದ ಅಳೆಯಬಾರದು ಅನ್ನುತ್ತಿದ್ದೇನೆ. ದೂರದಿಂದ ಕಾಣಬೇಕು, ಹಸಿರಿನ ಎದುರು ತಿಳಿಯಾಗಿ ನಿಲ್ಲಬೇಕು, ಹಿಮ ಕರಗಿದಾಗ ಸೀಳಬಾರದು. ಕೋಡ್ ಶಿಲೆಯ ಬಣ್ಣ ಕೆನೆಯಂತೆ, ಕೆಲವೊಮ್ಮೆ ತುಸು ಕಂದು. ಮೋಡದ ಬೆಳಕಿನಲ್ಲಿ ಅದು ಕಲ್ಲಿಗಿಂತ ಮೃದುವಾಗಿ ತೋರುತ್ತದೆ.

— ನಮ್ಮ ಕಡೆಗೆ ಇದರ ಎಳೆ ಏನಾದರೂ ಇದೆಯೆ?

— ಒಂದಿದೆ, ಸಂತೋಷಪಡುವಂಥದ್ದಲ್ಲ. ಕೋಡ್ ಹುಟ್ಟಿದ ಎಕ್ಸೆಟರ್ ಬಳಿ ಹಾಲ್ಡನ್ ಗುಡ್ಡಗಳಿವೆ. ಅಲ್ಲಿ 1788ರಲ್ಲಿ ಕಟ್ಟಿದ ಮೂರು ಮೂಲೆಯ ಒಂದು ಗೋಪುರ. ಕಟ್ಟಿಸಿದವನು ಸರ್ ರಾಬರ್ಟ್ ಪಾಕ್, ನಮ್ಮ ಪಾಕ್ ಜಲಸಂಧಿಗೆ ಹೆಸರು ಬಂದದ್ದು ಇವನಿಂದ. 1763ರಿಂದ 1767ರವರೆಗೆ ಮದ್ರಾಸಿನ ಗವರ್ನರ್. ಗೆಳೆಯ ಸ್ಟ್ರಿಂಗರ್ ಲಾರೆನ್ಸ್ ನೆನಪಿಗೆ ಗೋಪುರ ಕಟ್ಟಿಸಿದ. ಕರ್ನಾಟಿಕ್ ಯುದ್ಧಗಳಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೇನೆಗೆ ಶಿಸ್ತು ಕಲಿಸಿದವನು ಆ ಲಾರೆನ್ಸ್. ಒಳಗೆ ಅವನ ಆಳೆತ್ತರ ಮೀರಿದ ಮೂರ್ತಿ, ರೋಮನ್ ಸೇನಾನಿಯ ಉಡುಪಿನಲ್ಲಿ, ಕೋಡ್ ಶಿಲೆಯಲ್ಲಿ. ಅದೇ ಕಂಪನಿ ಶೀಮೇಕರ್ಸ್ ಎಂಬ ಶಿಲ್ಪಿಯ ಕೈಯಲ್ಲಿ ಮಾಡಿಸಿದ ಅಮೃತಶಿಲೆಯ ಮೂರ್ತಿಯ ಪ್ರತಿ ಅದು. ಪಾಕ್ ಮದ್ರಾಸು ಬಿಟ್ಟ ವರ್ಷವೇ ಹೈದರಾಲಿಯೊಡನೆ ಕಂಪನಿಯ ಮೊದಲ ಮೈಸೂರು ಯುದ್ಧ ಶುರುವಾಯಿತು. 1769ರಲ್ಲಿ ಹೈದರ್ ಮದ್ರಾಸಿನ ಬಾಗಿಲಿಗೇ ಬಂದು ಒಪ್ಪಂದ ಮಾಡಿಸಿಕೊಂಡ. ಎಲಿನರ್ ಕೋಡ್ ಕಾರ್ಖಾನೆ ಕೊಂಡದ್ದೂ ಅದೇ ವರ್ಷ.

— ಅಂದರೆ ನಮ್ಮ ನೆಲದ ಹಣ ಆ ಆವಿಗೆಗೆ ಉರುವಲಾಯಿತು.

— ಸ್ವಲ್ಪ ಪಾಲು ಆಗಿರಲೇಬೇಕು. ಪೂರ್ವದಿಂದ ಹಣ ತಂದವರು ಬಂಗಲೆ ಕಟ್ಟಿಸಿ ತೋಟ ಮಾಡಿಸಿದರು, ತೋಟಕ್ಕೆ ಮೂರ್ತಿ ಬೇಕಿತ್ತು. ಕೋಡ್ ಶಿಲೆ ಎಷ್ಟು ಚೆನ್ನ ಎಂದು ಹೇಳುವಾಗ ಅದು ಯಾರ ಹೊಗಳಿಕೆಗೆ ಬಳಕೆಯಾಯಿತು ಎಂಬುದನ್ನೂ ಹೇಳಬೇಕು. ಅದರ ಇನ್ನೊಂದು ಮೂರ್ತಿ ಕೆನಡಾದ ಮಾಂಟ್ರಿಯಲ್‌ನಲ್ಲಿ, ನೌಕಾಸೇನಾನಿ ನೆಲ್ಸನ್ ನೆನಪಿನ 1809ರ ಕಂಬದ ತುದಿಯಲ್ಲಿತ್ತು. ಸಾಮ್ರಾಜ್ಯಕ್ಕೆ ತನ್ನ ವೀರರನ್ನು ಹಡಗಿನಲ್ಲಿ ಕಳಿಸಲು ತಕ್ಕಂಥ ಟೊಳ್ಳು ಮೂರ್ತಿ ಬೇಕಿತ್ತು, ಈಕೆಯ ಕಾರ್ಖಾನೆ ಅದನ್ನು ಒದಗಿಸಿತು.

— ಆಕೆಯ ನಂತರ?

— ವಿಲಿಯಂ ಕ್ರಾಗನ್ ಕೊಂಡ, 1833ರಲ್ಲಿ ದಿವಾಳಿಯಾದ. ಆಮೇಲೂ ಕೆಲಸ ಒಂದಿಷ್ಟು ನಡೆದು, 1843ರಲ್ಲಿ ಅಚ್ಚುಗಳು ಹರಾಜಾದವು. ಒಂದಷ್ಟನ್ನು ಬ್ಲ್ಯಾಶ್‌ಫೀಲ್ಡ್ ಎಂಬವನು ಕೊಂಡು ಟೆರಾಕೋಟಾದಲ್ಲಿ ಮುಂದುವರಿಸಿದ, 1875ರಲ್ಲಿ ಅವನೂ ಮುಳುಗಿದ. ಅಷ್ಟರಲ್ಲಿ ಪೋರ್ಟ್‌ಲೆಂಡ್ ಸಿಮೆಂಟು ಬಂದಿತ್ತು. ನಾಲ್ಕು ರಾತ್ರಿ ಆವಿಗೆ ಕಾಯುವ ಕೆಲಸವೇ ಬೇಡವಾಯಿತು. ಆಸ್ಟಿನ್ ಮತ್ತು ಸೀಲಿ ಎಂಬ ಜೋಡಿ ಸಿಮೆಂಟು, ಕಲ್ಲಿನ ಚೂರು, ಹೆಂಚಿನ ಪುಡಿ, ದಪ್ಪ ಮರಳು ಕಲಸಿ ತಣ್ಣಗೇ ಅಚ್ಚಿಗೆ ಹಾಕಿ ಮೂರ್ತಿ ಮಾಡಿದರು. ವಿಕ್ಟೋರಿಯಾ ರಾಣಿಯ ಆಸ್ಬೋರ್ನ್ ಮನೆಯ ತೋಟದಲ್ಲಿ ಅವರ ಕೆಲಸವಿದೆ. ಅದು ಕೆಟ್ಟದ್ದಲ್ಲ, ಆದರೆ ಅಂಚು ಬೇಗ ಮೊಂಡಾಗುತ್ತದೆ. ಹಾರ್ಟ್‌ಫರ್ಡ್‌ಶೈರ್‌ನ ಪುಲ್ಹಮ್ ಮನೆತನದವರು ಇನ್ನೂ ಮುಂದೆ ಹೋದರು. ಮೂರ್ತಿ, ಹೂದಾನಿ ಅಷ್ಟೇ ಅಲ್ಲ, ಬಂಡೆಗಳನ್ನೇ ಮಾಡಿದರು.

— ಬಂಡೆಗಳನ್ನು?

— ಇಟ್ಟಿಗೆ ಚೂರು, ಕಿಟ್ಟ ರಾಶಿ ಹಾಕಿ, ಮೇಲೆ ಸಿಮೆಂಟಿನ ಗಾರೆ ಮೆತ್ತಿ, ಪದರ ಪದರವಾಗಿ ಕೆತ್ತಿ, ನಿಜವಾದ ಬೆಟ್ಟದ ಬಿರುಕು ಹೇಗಿರುತ್ತದೋ ಹಾಗೆ ತೀಡುತ್ತಿದ್ದರು. ಲಂಡನ್ನಿನ ಬ್ಯಾಟರ್‌ಸೀ ಉದ್ಯಾನದ ಬಂಡೆಗಳು ಅವರವು. ವೇಲ್ಸಿನ ಡ್ಯೂಸ್ಟೋ ಎಂಬಲ್ಲಿ ಒಂದು ಶತಮಾನದ ಹಿಂದೆ ಅವರು ಮಾಡಿದ ಗುಹೆಗಳ ತೋಟವನ್ನು ಮಣ್ಣು ತುಂಬಿ ಮುಚ್ಚಿಬಿಟ್ಟಿದ್ದರು. 2000ದ ಸುಮಾರಿಗೆ ಅಗೆದಾಗ ಗುಹೆಗಳು ನೆಟ್ಟಗೇ ಸಿಕ್ಕವು. ಪುಲ್ಹಮ್‌ಗಳ ಬಗ್ಗೆ ನನಗೆ ಬಹಳ ಗೌರವ. ಜಲ್ಲಿ ಗಾರೆಯಲ್ಲಿ ಭೂವಿಜ್ಞಾನ ಓದಿದವರು ಅವರು.

— ಈಗ ಹಳೆಯ ಮೂರ್ತಿ ಎಂದು ಮಾರುವಾಗ ಮೋಸವಾಗುವುದಿಲ್ಲವೆ?

— ಆಗುತ್ತದೆ. ಹೊಸ ಸಿಮೆಂಟು ಮೂರ್ತಿಗೆ ಮೊಸರು ಬಳಿದು ನೆರಳಿನಲ್ಲಿಟ್ಟರೆ ಬೇಗ ಹಾವಸೆ ಕಟ್ಟಿ ಹಳೆಯದರಂತೆ ಕಾಣುತ್ತದೆ. ಕೋಡ್ ಶಿಲೆಯನ್ನು ಗುರುತಿಸಲು ಮೇಲಿನ ಹಾವಸೆ ನೋಡಬಾರದು, ಮುರಿದ ಜಾಗ ನೋಡಬೇಕು. ಸಿಮೆಂಟಿನದಾದರೆ ಜಲ್ಲಿ ಮರಳು ಬಿಡಿಬಿಡಿಯಾಗಿ ಎದ್ದು ಕಾಣುತ್ತದೆ. ಕೋಡ್ ಶಿಲೆಯ ಮುರುಕಿನಲ್ಲಿ ನಯವಾದ, ಒಂದೇ ಮೈಯ ಪದರ; ಒಳಮುಖದಲ್ಲಿ ಮಣ್ಣು ಒತ್ತಿದ ಬೆರಳಿನ ಗುರುತು ಸಿಗುವುದುಂಟು. ಕೈಕಾಲು ಮುರಿದದ್ದಕ್ಕೆ ಸಾಮಾನ್ಯವಾಗಿ ಕಾರಣ ಒಳಗೆ ಹಾಕಿದ ಕಬ್ಬಿಣ. ತುಕ್ಕು ಹಿಡಿದು ಉಬ್ಬಿ ಒಳಗಿನಿಂದ ಸೀಳುತ್ತದೆ. ಆ ಕಬ್ಬಿಣ ತೆಗೆದು ತುಕ್ಕು ಹಿಡಿಯದ ಉಕ್ಕಿನ ಸರಳು ಹಾಕುವುದು ಇವತ್ತಿನ ದುರಸ್ತಿಗಾರರ ಮುಖ್ಯ ಕೆಲಸ. ಅಲ್ಲಿ ಆತುರದಿಂದ ಸಿಮೆಂಟು ಮೆತ್ತಿದವರು ಮೂರ್ತಿಯನ್ನು ಇನ್ನಷ್ಟು ಕೆಡಿಸಿದ್ದಾರೆ.

— ಆ ಬೆರಳಿನ ಗುರುತು ನಾನು ನೋಡಬೇಕು. ಒಪ್ಪಿದೆ ಅನ್ನುತ್ತಿಲ್ಲ. ಅಚ್ಚಿನಿಂದ ಬಂದದ್ದು ಅಚ್ಚಿನಿಂದ ಬಂದದ್ದೇ. ಅದಿರಲಿ, ಮಾಂಟ್ರಿಯಲ್‌ನ ಕಂಬದ ಮೇಲೆ ಈಗ ಇರುವುದು ಮೂಲ ಮೂರ್ತಿಯೇ?

— ಅಲ್ಲ. ಚಳಿಗೆ ಹಾಳಾಗುತ್ತದೆ ಎಂದು ಮೂಲವನ್ನು ಇಳಿಸಿದರು, ಮೇಲೆ ನಿಂತಿರುವುದು ಹೊಸ ಪ್ರತಿ.

— ಇನ್ನೂರು ವರ್ಷ ಕಳೆದ ಮೇಲೆ ಯಾರಾದರೂ ಅದನ್ನು ಕೋಡ್ ಎಂದುಕೊಂಡರೆ?

— ಅದಕ್ಕೇ ಮುದ್ರೆ ಬೇಕು. ಆಕೆಯ ಕಾರ್ಖಾನೆ ಮಾರಿದ ಎಷ್ಟೋ ಮೂರ್ತಿಗಳ ಪೀಠದಲ್ಲಿ ಕೋಡ್, ಲ್ಯಾಂಬೆತ್ ಎಂದು ಹಸಿ ಮಣ್ಣಿನಲ್ಲೇ ಒತ್ತಿದೆ. 1799ರಲ್ಲಿ ಸೋದರಸಂಬಂಧಿ ಜಾನ್ ಸೀಲಿ (ಆ ಸಿಮೆಂಟಿನ ಸೀಲಿ ಬೇರೆ) ಪಾಲುದಾರನಾದ ಮೇಲೆ ಕೋಡ್ ಮತ್ತು ಸೀಲಿ. ಹಲವುಗಳಲ್ಲಿ ವರ್ಷವೂ ಇದೆ. ಬಿರುಕು ಬಿಟ್ಟರೆ ಯಾರನ್ನು ಕೇಳಬೇಕು ಎಂದು ಗಿರಾಕಿಗೆ ತಿಳಿಯುತ್ತಿತ್ತು. ಹೊಸ ಪ್ರತಿ ಮಾಡುವವರೂ ತಮ್ಮ ಹೆಸರನ್ನೂ ವರ್ಷವನ್ನೂ ಅಷ್ಟೇ ಸ್ಪಷ್ಟವಾಗಿ ಹಾಕಬೇಕು.

— ಅಚ್ಚು ಒತ್ತಿದವನ ಹೆಸರನ್ನೂ ಹಾಕಲಿ. ಅಷ್ಟು ಮಾಡಿದರೆ ನನ್ನ ಅರ್ಧ ತಕರಾರು ವಾಪಸು.

— ಹಾಕಲಿ. ಪೀಠದ ಹಿಂಬದಿಯಲ್ಲಲ್ಲ, ಮುಂದೆಯೇ.